ಮಜಲ್‌ಲೋಡರ್ ರೈಫಲ್‌ಗೆ ಯಾವ ಅಳತೆಯ ಗುಂಡು? ಅಳೆದು ಆರಿಸುವ ಕ್ರಮ

"ನನ್ನ ರೈಫಲ್ ಮೇಲೆ ಪಾಯಿಂಟ್ ಐವತ್ತು ಅಂತ ಬರೆದಿದೆ. ಹಾಗಾದ್ರೆ ಪಾಯಿಂಟ್ ಐವತ್ತರ ಗುಂಡೇ ತಾನೇ ತರಬೇಕು?"

ಮಜಲ್‌ಲೋಡರ್ ಕೊಂಡ ಹೊಸಬರೆಲ್ಲ ಕೇಳುವ ಮೊದಲ ಪ್ರಶ್ನೆ ಇದು. ಬಾಯಿಯ ಕಡೆಯಿಂದ ಮದ್ದು, ಗುಂಡು ತುಂಬುವ ಕೋವಿಯೇ ಮಜಲ್‌ಲೋಡರ್. ಕೇಳುವವರಲ್ಲಿ ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಗುರಿ ಹೊಡೆಯುವ ಕ್ಲಬ್‌ಗಳಿಗೆ ಹೋಗಿ ಈ ಹವ್ಯಾಸ ಹಿಡಿದ ಕನ್ನಡಿಗರೂ ಇದ್ದಾರೆ. ಅಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ. ಮಜಲ್‌ಲೋಡರ್ ಪ್ರಿಯರ ರಾಷ್ಟ್ರೀಯ ಸಂಘ 1933ರಲ್ಲೇ ಹುಟ್ಟಿತು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಸಣ್ಣ ಊರಿನಲ್ಲಿ ಅವರ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ.

ಪ್ರಶ್ನೆಗೆ ಉತ್ತರ: ಬೇಡ. 0.50 ಇಂಚಿನ ನಳಿಗೆಗೆ ಸಾಮಾನ್ಯವಾಗಿ 0.490 ಇಂಚಿನ ಗುಂಡು ಬೇಕು. ಕೆಲವು ನಳಿಗೆಗಳಿಗೆ 0.495 ಚೆನ್ನಾಗಿ ಹೊಂದುತ್ತದೆ. ಉಳಿದ ಜಾಗವನ್ನು ಗುಂಡಿಗೆ ಸುತ್ತುವ ಬಟ್ಟೆ ತುಂಬುತ್ತದೆ. ಈ ಬಟ್ಟೆಗೆ ಪ್ಯಾಚ್ ಅಂತಾರೆ. ಗುಂಡು ಒಂದನ್ನೇ ಆರಿಸಲು ಹೋದವರು ಸುಮ್ನೆ ದುಡ್ಡು ಕಳೆಯುತ್ತಾರೆ. ನೀವು ಆರಿಸಬೇಕಾದದ್ದು ಗುಂಡು ಮತ್ತು ಬಟ್ಟೆಯ ಜೋಡಿಯನ್ನು. ಅದನ್ನು ನಿಮ್ಮ ನಳಿಗೆಯೇ ನಿರ್ಧರಿಸಬೇಕು.

ಮುಂದೆ ಹೇಳುವುದೆಲ್ಲ ಉಂಡೆ ಗುಂಡು ಹಾರಿಸುವ ರೈಫಲ್‌ಗೆ ಸಂಬಂಧಿಸಿದ್ದು. ಊರಿನ ಕೇಪಿನ ಕೋವಿಯ (ಮದ್ದಿಗೆ ಕಿಡಿ ಕೊಡುವ ಸಣ್ಣ ಲೋಹದ ಟೋಪಿಯೇ ಕೇಪು) ಬಗ್ಗೆ ಕೊನೆಯ ಕಡೆ ಬೇರೆಯಾಗಿ ಹೇಳುತ್ತೇನೆ, ಅದರ ಲೆಕ್ಕವೇ ಬೇರೆ.

ಬೇಕಾಗುವ ಸಾಮಾನು

ಇಂಚಿನ ಸಾವಿರದ ಒಂದು ಭಾಗ ತೋರಿಸುವ ಡಿಜಿಟಲ್ ಕ್ಯಾಲಿಪರ್. ಗಜ, ಅಂದರೆ ಗುಂಡನ್ನು ಒಳಗೆ ತಳ್ಳುವ ಕೋಲು. ಗುಂಡನ್ನು ಬಾಯಿಯಿಂದ ಒಂದೆರಡು ಇಂಚು ಇಳಿಸಲು ಗುಬ್ಬಿ ಇರುವ ಗಿಡ್ಡ ಕಡ್ಡಿ, ಇದಕ್ಕೆ ಶಾರ್ಟ್ ಸ್ಟಾರ್ಟರ್ ಅನ್ನುತ್ತಾರೆ. ಸಿಕ್ಕಿಬಿದ್ದ ಗುಂಡು ಹೊರತೆಗೆಯುವ ತಿರುಪು, ಅಂದರೆ ಬಾಲ್ ಪುಲ್ಲರ್. ಎರಡು ಅಳತೆಯ ಗುಂಡುಗಳು, ಎರಡು ಮೂರು ದಪ್ಪದ ಹತ್ತಿ ಬಟ್ಟೆ. ಜೊತೆಗೆ ಒಂದು ನೋಟ್‌ಬುಕ್. ಪುಲ್ಲರ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

1. ಕೋವಿ ಖಾಲಿ ಇದೆಯೇ ನೋಡಿ

ಹಳೇ ಮಜಲ್‌ಲೋಡರ್‌ಗಳಲ್ಲಿ ಹತ್ತಾರು ವರ್ಷದ ಹಿಂದೆ ತುಂಬಿದ ಈಡು ಹಾಗೇ ಉಳಿದಿರುವುದುಂಟು. ಬೇರೆ ಕೋವಿಯ ಹಾಗೆ ಹಿಂದಿನಿಂದ ತೆರೆದು ನೋಡಲು ಇದರಲ್ಲಿ ಆಗುವುದಿಲ್ಲ. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಅದಕ್ಕೆ ಬೆಂಕಿ ಹತ್ತುತ್ತದೆ.

ಪರೀಕ್ಷೆ ಸುಲಭ. ಮೊದಲು ಕೇಪು ಅಥವಾ ಕಿವಿಮದ್ದು, ಅಂದರೆ ಕಿವಿಯ ತೂತಿನ ಬಳಿ ಕಿಡಿ ಹಿಡಿಯಲು ಹಾಕುವ ಮದ್ದು, ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಬಾಯಿಯನ್ನು ಮುಖದಿಂದ ದೂರ ಹಿಡಿದು ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಪೆನ್ಸಿಲ್ ಗುರುತು ಹಾಕಿ. ಗಜ ಹೊರತೆಗೆದು ನಳಿಗೆಯ ಹೊರಮೈಗೆ ಜೋಡಿಸಿ ಹಿಡಿಯಿರಿ. ಗಜದ ತುದಿ ಕೇಪು ಕೂರುವ ನಿಪ್ಪಲ್ ಅಥವಾ ಕಿವಿಯ ತೂತಿನ ಹತ್ತಿರಕ್ಕೆ ಬಂದರೆ ನಳಿಗೆ ಖಾಲಿ. ಒಂದೆರಡು ಇಂಚು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಆಗ ನೀವೇ ಕೈ ಹಾಕದೆ ಕೋವಿ ರಿಪೇರಿಯ ಅನುಭವಿಗೆ ಕೊಡಿ. ಖಾಲಿ ನಳಿಗೆಯ ಗುರುತನ್ನು ಗಜದ ಮೇಲೆ ಕಾಯಂ ಆಗಿ ಉಳಿಸಿಕೊಳ್ಳಿ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

2. ನಳಿಗೆಯ ತಿರುವು ಯಾವುದು?

ರೈಫಲ್‌ನ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ತೋಡುಗಳಿರುತ್ತವೆ. ಎರಡು ತೋಡುಗಳ ನಡುವೆ ಎತ್ತರವಾಗಿ ಉಳಿದ ಭಾಗವನ್ನು ಇಲ್ಲಿ ಏಣು ಎನ್ನೋಣ. ಎಷ್ಟು ಇಂಚಿಗೆ ಸುರುಳಿ ಒಂದು ಪೂರ್ತಿ ಸುತ್ತು ಬರುತ್ತದೋ ಅದೇ ತಿರುವು. 48, 60, 66 ಇಂಚಿಗೆ ಒಂದು ಸುತ್ತು ಇದ್ದರೆ ಉಂಡೆ ಗುಂಡಿಗೆ ಒಪ್ಪುತ್ತದೆ. 28 ಇಂಚಿಗೆ ಒಂದು ಸುತ್ತು ಇದ್ದರೆ ಅದು ಉದ್ದ ಗುಂಡಿಗಾಗಿ ಮಾಡಿದ ನಳಿಗೆ. ಈಗಿನ ಇನ್‌ಲೈನ್ ರೈಫಲ್‌ಗಳಲ್ಲಿ, ಅಂದರೆ ಕೇಪು ನಳಿಗೆಯ ನೇರ ಹಿಂದೆ ಕೂರುವ ಹೊಸ ಮಾದರಿಗಳಲ್ಲಿ, ಹೆಚ್ಚಾಗಿ ಇರುವುದು ಇದೇ. ಇದರಲ್ಲಿ ಉಂಡೆ ಗುಂಡು ಹಾರುತ್ತದೆ, ಆದರೆ ಮದ್ದು ಸ್ವಲ್ಪ ಜಾಸ್ತಿಯಾದರೂ ಗುರಿ ಕೆಡುತ್ತದೆ. ಅಂಥ ನಳಿಗೆಯಲ್ಲಿ ಗುಂಡಿನ ಅಳತೆ ಬದಲಿಸುತ್ತಾ ತಿಂಗಳುಗಟ್ಟಲೆ ಒದ್ದಾಡಬೇಡಿ. ತಯಾರಕರು ಹೇಳಿದ ಉದ್ದ ಗುಂಡನ್ನೇ ಬಳಸಿ.

3. ನಳಿಗೆ ಅಳೆಯಿರಿ

ಮೇಲೆ ಅಚ್ಚೊತ್ತಿದ ಸಂಖ್ಯೆ ಒಂದು ಸುಳಿವು ಅಷ್ಟೇ. ಅದೇ 0.50 ಎಂದು ಮಾರುವ ಎರಡು ನಳಿಗೆಗಳ ನಡುವೆ ಸಾವಿರದಲ್ಲಿ ಕೆಲವು ಭಾಗ ವ್ಯತ್ಯಾಸ ಇರಬಹುದು. ಹಳೇ ಕೈಕೆಲಸದ ರೈಫಲ್ ಆದರೆ ಹೇಳುವುದೇ ಬೇಡ. ಸವೆದ ನಳಿಗೆಯನ್ನು ಮತ್ತೆ ಕೊರೆದು ದೊಡ್ಡದು ಮಾಡುವುದು ಹಿಂದೆ ಮಾಮೂಲಿ ಕೆಲಸವಾಗಿತ್ತು.

ಎರಡು ಅಳತೆ ಬೇಕು. ಎದುರುಬದುರಿನ ಏಣುಗಳ ನಡುವಿನದು ಬೋರ್. ಎದುರುಬದುರಿನ ತೋಡುಗಳ ತಳದಿಂದ ತಳಕ್ಕೆ ಇರುವುದು ಗ್ರೂವ್ ಅಳತೆ. ಉಂಡೆ ಗುಂಡಿನ ನಳಿಗೆಯಲ್ಲಿ ತೋಡಿನ ಆಳ ಸಾಮಾನ್ಯವಾಗಿ 0.008ರಿಂದ 0.012 ಇಂಚು. ಕ್ಯಾಲಿಪರ್‌ನ ಒಳ ಅಳತೆಯ ದವಡೆಗಳನ್ನು ಬಾಯಿಯೊಳಗೆ ಇಟ್ಟು, ಅತ್ತಿತ್ತ ನಿಧಾನಕ್ಕೆ ತಿರುಗಿಸುತ್ತಾ ನಾಲ್ಕೈದು ಬಾರಿ ಅಳೆಯಿರಿ. ಒಂದೇ ಬಾರಿಯ ಅಳತೆ ನಂಬಬೇಡಿ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ತೋಡುಗಳ ಸಂಖ್ಯೆ ಬೆಸವಾಗಿದ್ದರೆ, ಅಂದರೆ 5 ಅಥವಾ 7 ಇದ್ದರೆ, ಏಣಿನ ಎದುರಿಗೆ ಏಣು ಬರುವುದೇ ಇಲ್ಲ, ತೋಡು ಬರುತ್ತದೆ. ಆಗ ಕ್ಯಾಲಿಪರ್ ತೋರಿಸುವ ಸಂಖ್ಯೆ ಬೋರ್ ಕೂಡ ಅಲ್ಲ, ಗ್ರೂವ್ ಕೂಡ ಅಲ್ಲ. ಇಂಥ ನಳಿಗೆಯ ಬೋರ್ ತಿಳಿಯಲು ಪಿನ್ ಗೇಜ್, ಅಂದರೆ ಅಳತೆ ಗೊತ್ತಿರುವ ಉಕ್ಕಿನ ಕಡ್ಡಿಗಳನ್ನು ಒಂದೊಂದಾಗಿ ಇಳಿಸಿ ನೋಡಬೇಕು. ಲೇತ್ ಕೆಲಸ ಮಾಡುವವರ ಹತ್ತಿರ ಇವು ಇರುತ್ತವೆ. ಎರಡು, ಗುಂಡು ಸಲೀಸಾಗಿ ಇಳಿಯಲಿ ಎಂದು ಕೆಲವು ರೈಫಲ್‌ಗಳ ಬಾಯನ್ನು ಒಳಗಿನಿಂದ ಅಗಲ ಮಾಡಿರುತ್ತಾರೆ. ಅಲ್ಲಿ ಅಳೆದರೆ ಬೋರ್ ದೊಡ್ಡದಾಗಿ ಕಾಣುತ್ತದೆ, ನೀವು ದಪ್ಪ ಗುಂಡು ತರುತ್ತೀರಿ, ಅದು ಎರಡು ಇಂಚು ಇಳಿದು ಕಚ್ಚಿಕೊಳ್ಳುತ್ತದೆ.

4. ಬಟ್ಟೆ ಅಳೆಯಿರಿ, ಆಮೇಲೆ ಲೆಕ್ಕ

ಬಟ್ಟೆ ನೂರಕ್ಕೆ ನೂರು ಹತ್ತಿ ಅಥವಾ ಲಿನನ್ ಆಗಿರಬೇಕು. ಪಾಲಿಯೆಸ್ಟರ್ ಬೆರೆತಿದ್ದರೆ ಬಿಸಿಗೆ ಕರಗಿ ನಳಿಗೆಗೆ ಅಂಟುತ್ತದೆ. ಅನುಮಾನ ಇದ್ದರೆ ಒಂದು ಎಳೆ ಸುಟ್ಟು ನೋಡಿ. ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತದೆ. ಹೊಸ ಬಟ್ಟೆಯ ಗಂಜಿ ಹೋಗುವಂತೆ ಒಮ್ಮೆ ಒಗೆದು ಒಣಗಿಸಿ. ಅಮೆರಿಕದಲ್ಲಿ ಹೆಚ್ಚು ಬಳಸುವುದು ಟಿಕಿಂಗ್ ಎಂಬ ಪಟ್ಟೆ ಬಟ್ಟೆ. ನಮ್ಮಲ್ಲಿ ಹಾಸಿಗೆ, ದಿಂಬು ಹೊಲಿಯಲು ಬಳಸುವ ಒತ್ತು ನೇಯ್ಗೆಯ ದಪ್ಪ ಬಟ್ಟೆ ಇದೆಯಲ್ಲ, ಅದೇ ಜಾತಿ. ದಪ್ಪ ಸುಮಾರು 0.015ರಿಂದ 0.018 ಇಂಚು.

ಈಗ ಲೆಕ್ಕ. ಬಟ್ಟೆ ಗುಂಡಿನ ಎರಡೂ ಬದಿಗೆ ಬರುತ್ತದೆ, ಆದ್ದರಿಂದ ದಪ್ಪವನ್ನು ಎರಡರಿಂದ ಗುಣಿಸಿ ಗುಂಡಿನ ಅಳತೆಗೆ ಕೂಡಿಸಿ. ಮೊತ್ತ ಗ್ರೂವ್ ಅಳತೆಗೆ ಸಮನಾಗಿರಬೇಕು ಅಥವಾ ಕೂದಲೆಳೆಯಷ್ಟು ಹೆಚ್ಚಿರಬೇಕು.

ನಿಮ್ಮ ಬೋರ್ 0.500, ತೋಡಿನ ಆಳ 0.010 ಎಂದುಕೊಳ್ಳಿ. ಗ್ರೂವ್ ಅಳತೆ 0.520 ಆಯಿತು. ಗುಂಡು 0.490, ಬಟ್ಟೆ 0.015 ಆದರೆ ಮೊತ್ತ 0.520. ತೋಡಿನ ತಳಕ್ಕೆ ಬಟ್ಟೆ ಮುಟ್ಟಿತು, ಅಷ್ಟೇ. ಅದೇ ಗುಂಡಿಗೆ 0.018ರ ಬಟ್ಟೆ ಸುತ್ತಿದರೆ 0.526. ಈಗ ಬಟ್ಟೆ ತೋಡಿನಲ್ಲಿ ಒತ್ತಿ ಕೂರುತ್ತದೆ, ಬಿಸಿ ಅನಿಲ ಮುಂದಕ್ಕೆ ನುಗ್ಗಲು ಜಾಗ ಇಲ್ಲ. 0.495ರ ಗುಂಡಿಗೆ 0.010ರ ತೆಳು ಬಟ್ಟೆ ಹಾಕಿದರೆ ಮೊತ್ತ 0.515 ಮಾತ್ರ. ಗುಂಡು ದೊಡ್ಡದಾದರೂ ತೋಡಿನ ತಳದಲ್ಲಿ ಸಂದಿ ಉಳಿಯಿತು! ತೋಡು ಆಳವಿದ್ದಷ್ಟೂ ದಪ್ಪ ಬಟ್ಟೆ ಬೇಕು ಅನ್ನುವುದು ಇದಕ್ಕೇ. ಆಳ ಕಡಿಮೆ ಇರುವ ನಳಿಗೆಯಲ್ಲಾದರೆ ಇದೇ 0.495 ಮತ್ತು ತೆಳು ಬಟ್ಟೆಯ ಜೋಡಿ ಸೊಗಸಾಗಿ ಕೆಲಸ ಮಾಡುತ್ತದೆ.

ಬಟ್ಟೆಯ ದಪ್ಪ ಅಳೆಯುವಾಗ ಎಲ್ಲರೂ ಒಂದೇ ಬಲದಿಂದ ಒತ್ತುವುದಿಲ್ಲ. ಅಂಗಡಿಯವರು 0.018 ಎಂದದ್ದು ನಿಮ್ಮ ಕ್ಯಾಲಿಪರ್‌ನಲ್ಲಿ 0.015 ಬರಬಹುದು. ನಿಮ್ಮ ಅಳತೆಯನ್ನೇ ಹಿಡಿಯಿರಿ, ಪ್ರತಿ ಸಲ ಒಂದೇ ರೀತಿ ಗಟ್ಟಿಯಾಗಿ ಒತ್ತಿ ಅಳೆಯಿರಿ.

5. ಶುರುವಿಗೆ ಯಾವ ಗುಂಡು ತರಬೇಕು

ಬೋರ್‌ಗಿಂತ 0.010 ಇಂಚು ಸಣ್ಣದರಿಂದ ಶುರು ಮಾಡಿ. ಬೋರ್ 0.36 ಆದರೆ 0.350. 0.45ಕ್ಕೆ 0.440. 0.50ಕ್ಕೆ 0.490. 0.54ಕ್ಕೆ 0.530. 0.58ಕ್ಕೆ 0.570. ಜೊತೆಗೆ ಬೋರ್‌ಗಿಂತ 0.005 ಮಾತ್ರ ಸಣ್ಣದಿರುವ ಇನ್ನೊಂದು ಡಬ್ಬಿ ತನ್ನಿ, ಉದಾಹರಣೆಗೆ 0.445, 0.495, 0.535. ಹಾರ್ನಡಿ, ಸ್ಪೀರ್‌ನಂಥ ಕಂಪನಿಗಳ ಒತ್ತಿ ಮಾಡಿದ ಗುಂಡುಗಳು ಇಂಥ ಅಳತೆಗಳಲ್ಲಿ ಬರುತ್ತವೆ. ಮೊದಲ ದಿನವೇ ಸಾವಿರ ಗುಂಡು ತರಬೇಡಿ.

ಅಳತೆಯಲ್ಲಿ ಚಿಕ್ಕದೆನಿಸುವ ವ್ಯತ್ಯಾಸ ತೂಕದಲ್ಲಿ ದೊಡ್ಡದು. ಶುದ್ಧ ಸೀಸದ 0.440 ಗುಂಡು ಸುಮಾರು 8.3 ಗ್ರಾಂ, 0.490 ಸುಮಾರು 11.4 ಗ್ರಾಂ, 0.530 ಸುಮಾರು 14.5 ಗ್ರಾಂ. ಅಮೆರಿಕದ ಕೆಲವು ರಾಜ್ಯಗಳು ಬೇಟೆಗೆ ಕನಿಷ್ಠ ಕ್ಯಾಲಿಬರ್ ನಿಗದಿ ಮಾಡಿರುವುದರ ಹಿಂದೆ ಈ ತೂಕದ ಲೆಕ್ಕವೂ ಇದೆ. ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

ಒಂದು ಮುಖ್ಯ ಎಚ್ಚರಿಕೆ. ಅಂಗಡಿಯ ಕಪಾಟಿನಲ್ಲಿ ರಿವಾಲ್ವರ್ ಗುಂಡುಗಳೂ ಪಕ್ಕದಲ್ಲೇ ಇರುತ್ತವೆ. ಕೇಪಿನ ರಿವಾಲ್ವರ್‌ಗೆ ಬಟ್ಟೆ ಸುತ್ತುವುದಿಲ್ಲ. ಅದರ ಗುಂಡು, ಅದು ಕೂರುವ ಸಿಲಿಂಡರ್‌ನ ಕೋಣೆಗಿಂತ ಸ್ವಲ್ಪ ದೊಡ್ಡದಿರುತ್ತದೆ, ಒತ್ತಿದಾಗ ಸೀಸದ ತೆಳು ಉಂಗುರ ಕತ್ತರಿಸಿ ಬೀಳಬೇಕು. ಹಾಗಾಗಿ 0.36 ರೈಫಲ್‌ಗೆ 0.350 ಬೇಕಾದರೆ, 0.36 ರಿವಾಲ್ವರ್‌ಗೆ 0.375 ಅಥವಾ 0.380 ಬೇಕು. "ಪಾಯಿಂಟ್ ಮೂವತ್ತಾರಕ್ಕೆ ಗುಂಡು ಕೊಡಿ" ಎಂದು ಕೇಳಿದರೆ ತಪ್ಪು ಡಬ್ಬಿ ಕೈಗೆ ಬರುವ ಸಾಧ್ಯತೆ ಇದೆ. ಯಾವಾಗಲೂ ಗುಂಡಿನ ಅಳತೆ ಹೇಳಿ ಕೇಳಿ.

6. ತುಂಬುವಾಗ ಕೈಗೆ ಸಿಗುವ ಸುಳಿವು

ಮದ್ದಿಲ್ಲದೆ ಸುಮ್ನೆ ಗುಂಡು ಇಳಿಸಿ ನೋಡೋಣ ಅನಿಸಬಹುದು. ಇಳಿಸಿದ ಮೇಲೆ ಅದನ್ನು ಪುಲ್ಲರ್‌ನಿಂದ ಕೊರೆದೇ ತೆಗೆಯಬೇಕು, ಅದು ಕಿರಿಕಿರಿಯ ಕೆಲಸ. ಶೂಟಿಂಗ್ ರೇಂಜ್‌ನಲ್ಲೇ, ಕಣ್ಣಿಗೆ ಕನ್ನಡಕ ಕಿವಿಗೆ ರಕ್ಷಣೆ ಹಾಕಿಕೊಂಡು, ನಿಮ್ಮ ರೈಫಲ್‌ನ ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಮದ್ದಿನಿಂದ ಪರೀಕ್ಷೆ ಮಾಡಿ. ಮದ್ದು ಎಂದರೆ ಕರಿಮದ್ದು ಅಥವಾ ಅದರ ಬದಲಿಗೆಂದೇ ಮಾಡಿದ ಮದ್ದು ಮಾತ್ರ. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಚಿಟಿಕೆಯಷ್ಟೂ ಹಾಕಬೇಡಿ. ಅದರ ಒತ್ತಡಕ್ಕೆ ನಳಿಗೆ ಸಿಡಿಯುತ್ತದೆ.

ಬಟ್ಟೆಗೆ ಎಣ್ಣೆ ಅಥವಾ ಜೇನುಮೇಣದ ಮಿಶ್ರಣ ಹಚ್ಚಿ. ಕರಿಮದ್ದಿನ ಜೊತೆ ಎಂಜಿನ್ ಆಯಿಲ್‌ನಂಥ ಪೆಟ್ರೋಲಿಯಂ ಎಣ್ಣೆ ಬೇಡ, ಟಾರಿನಂಥ ಜಿಡ್ಡು ಕಟ್ಟುತ್ತದೆ. ಬಟ್ಟೆಯನ್ನು ಬಾಯಿಯ ಮೇಲೆ ಹಾಸಿ, ಗುಂಡನ್ನು ನಡುವೆ ಇಡಿ. ಎರಕದ ಗುಂಡಾದರೆ, ಸೀಸ ಹೊಯ್ದ ಕಡೆ ಉಳಿಯುವ ಚಪ್ಪಟೆ ಮೊಟುಕು ಮೇಲ್ಮುಖವಾಗಿರಲಿ. ಶಾರ್ಟ್ ಸ್ಟಾರ್ಟರ್ ಮೇಲೆ ಅಂಗೈಯಿಂದ ಒಂದು ಗಟ್ಟಿ ಪೆಟ್ಟು ಕೊಟ್ಟಾಗ ಗುಂಡು ಒಳಗೆ ಹೋಗಬೇಕು. ಬಾಯಿಯಲ್ಲಿ ಬಿಗಿ ಇರುವುದು ಸಹಜ. ಅಲ್ಲಿಂದ ಮುಂದೆ ಗಜದಿಂದ ತಳ್ಳಿದಾಗ ಒಂದೇ ಸಮನಾದ ತಡೆಯೊಂದಿಗೆ ಜಾರಬೇಕು.

ಬೆರಳಿನಿಂದ ಒತ್ತಿದರೆ ಸಾಕು, ಗುಂಡು ತಾನಾಗಿ ಇಳಿಯುತ್ತದೆ ಅಂದರೆ ಜೋಡಿ ಸಡಿಲವಾಯಿತು. ಹೀಗಾದರೆ ಬರೀ ಗುರಿ ತಪ್ಪುವುದಲ್ಲ. ಕೋವಿಯ ಬಾಯಿ ಕೆಳಗೆ ಮಾಡಿ ನಡೆದಾಗ ಗುಂಡು ಮದ್ದಿನಿಂದ ಮುಂದಕ್ಕೆ ಸರಿಯಬಹುದು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದು ಹೊಡೆದರೆ ಆ ಗುಂಡು ಅಡ್ಡಗಟ್ಟೆಯ ಹಾಗಾಗುತ್ತದೆ. ನಳಿಗೆ ಉಂಗುರದಂತೆ ಉಬ್ಬುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಗುಂಡು ತಳದ ಮದ್ದಿಗೆ ತಾಗಿದಾಗ ಗಜದ ಮೇಲೆ ಎರಡನೇ ಗುರುತು ಹಾಕಿ. ಪ್ರತಿ ಈಡಿಗೂ ಗಜ ಆ ಗುರುತಿಗೆ ಬಂತೇ ನೋಡಿ.

ಅತಿ ಬಿಗಿಯಾದರೆ ಇನ್ನೊಂದು ಅಪಾಯ. ಅರ್ಧಕ್ಕೆ ನಿಂತ ಗುಂಡನ್ನು ಇಳಿಸಲು ಎದೆಯ ಬಲವೆಲ್ಲ ಹಾಕಿ ತಳ್ಳಿದಾಗ ಮರದ ಗಜ ಓರೆಯಾಗಿ ಸೀಳಿ ಅಂಗೈಗೆ ನುಗ್ಗುತ್ತದೆ. ಗಜವನ್ನು ಬಾಯಿಯಿಂದ ಏಳೆಂಟು ಇಂಚು ಮೇಲೆ ಹಿಡಿದು, ಚಿಕ್ಕ ಚಿಕ್ಕ ದೂರ ತಳ್ಳಿ. ಸುತ್ತಿಗೆ ಬೇಕು ಅನಿಸಿದರೆ ಜೋಡಿ ತಪ್ಪು ಎಂದರ್ಥ.

ಮೊದಲ ಈಡು ಸಲೀಸಾಗಿ ಇಳಿದು ನಾಲ್ಕನೆಯದು ಕಚ್ಚಿಕೊಂಡರೆ ಅದು ಮಸಿ ಕಟ್ಟಿದ್ದರಿಂದ. ಕರಿಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. ಸೈನ್ಯಗಳಿಗೂ ಇದೇ ತಲೆನೋವಿತ್ತು. 1857ರ ದಂಗೆಯ ಕಥೆಯಲ್ಲಿ ಬರುವ ಕೊಬ್ಬು ಸವರಿದ ತೋಟಾ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ನದು. ಅದರ ಬೋರ್ 0.577 ಇಂಚು. ಮೊದಲು ಬಳಸಿದ ಉದ್ದ ಗುಂಡು 0.568 ಇತ್ತು. ಮಸಿ ಕಟ್ಟಿದ ನಳಿಗೆಗೆ ಅದನ್ನು ಇಳಿಸುವುದು ಕಷ್ಟವಾಗಿ ನಂತರ 0.550ಕ್ಕೆ ಇಳಿಸಿದರು. ನಿಮಗೆ ಅವಸರ ಇಲ್ಲವಲ್ಲ, ಗುಂಡಿನ ಅಳತೆ ಇಳಿಸುವ ಮೊದಲು ಪ್ರತಿ ಈಡಿನ ನಂತರ ಒದ್ದೆ ಬಟ್ಟೆಯಿಂದ ನಳಿಗೆ ಒರೆಸಿ ನೋಡಿ.

7. ಹಾರಿದ ಬಟ್ಟೆಯನ್ನು ಹೆಕ್ಕಿ ನೋಡಿ

ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಕಲಿಸುವ ಹಂತ ಇದು. ಬಹಳ ಜನ ಬಿಟ್ಟುಬಿಡುವ ಹಂತವೂ ಇದೇ. ಗುಂಡು ಬಾಯಿ ದಾಟಿದ ಕೂಡಲೇ ಬಟ್ಟೆ ಕಳಚಿ ಕೆಲವೇ ಮೀಟರ್ ದೂರದಲ್ಲಿ ಬೀಳುತ್ತದೆ. ರೇಂಜ್‌ನಲ್ಲಿ ಎಲ್ಲರೂ ಹೊಡೆಯುವುದು ನಿಲ್ಲಿಸಿದಾಗ ಹೋಗಿ ಹೆಕ್ಕಿ ತನ್ನಿ. ಹೊಗೆಯಾಡುತ್ತಿದ್ದರೆ ಹುಲ್ಲಿಗೆ ಬೆಂಕಿ ತಾಗದಂತೆ ತುಳಿದು ಆರಿಸಿ.

ಬಟ್ಟೆಯನ್ನು ಅಂಗೈ ಮೇಲೆ ಹರಡಿ. ಜೋಡಿ ಸರಿ ಇದ್ದರೆ ನಡುವೆ ಗುಂಡು ಕೂತ ಜಾಗ ದುಂಡಗೆ ಕಪ್ಪಾಗಿರುತ್ತದೆ, ಆದರೆ ನೇಯ್ಗೆ ಹಾಗೇ ಇರುತ್ತದೆ. ಅದರ ಸುತ್ತ ತೋಡು ಏಣುಗಳ ಗೆರೆಗಳು ಒಂದರ ಪಕ್ಕ ಒಂದು ಎಣಿಸುವಷ್ಟು ಸ್ಪಷ್ಟವಾಗಿ ಮೂಡಿರುತ್ತವೆ. ಅಂಚು ಮಾತ್ರ ಸ್ವಲ್ಪ ಎಳೆ ಬಿಟ್ಟಿರುತ್ತದೆ. ಇಂಥದ್ದು ಸಿಕ್ಕಿದರೆ ನೋಟ್‌ಬುಕ್‌ಗೆ ಅಂಟಿಸಿ ಇಟ್ಟುಕೊಳ್ಳಿ.

ನಡುವಿನ ದುಂಡು ಜಾಗದ ಸುತ್ತ ಸುಟ್ಟು ತೂತಾಗಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿದೆ. ಮೊದಲು ದಪ್ಪ ಬಟ್ಟೆ ಹಾಕಿ, ಆಮೇಲೆ 0.005 ದೊಡ್ಡ ಗುಂಡು. ಎಣ್ಣೆ ಸಾಕಷ್ಟು ಹಚ್ಚಿದ್ದೀರಾ ಎಂದೂ ನೋಡಿ. ಸುಟ್ಟ ಗುರುತಿಲ್ಲದೆ ಬ್ಲೇಡಿನಿಂದ ಕೊಯ್ದ ಹಾಗೆ ಸೀಳಿದ್ದರೆ ತಪ್ಪು ಅಳತೆಯದ್ದಲ್ಲ. ಹೊಸ ನಳಿಗೆಯ ಏಣುಗಳು ಅಥವಾ ಬಾಯಿಯ ಅಂಚು ಚೂಪಾಗಿವೆ. ಬಳಸುತ್ತಾ ಹೋದಂತೆ ಏಣು ನಯವಾಗುತ್ತದೆ. ಬಾಯಿಯ ಅಂಚನ್ನು ಗನ್‌ಸ್ಮಿತ್, ಅಂದರೆ ಕೋವಿ ಕೆಲಸದವರು, ಕ್ಷಣದಲ್ಲಿ ನುಣುಪು ಮಾಡಿಕೊಡುತ್ತಾರೆ. ಚಿಂದಿ ಚೂರುಗಳು ಮಾತ್ರ ಸಿಕ್ಕರೆ ಬಟ್ಟೆ ಹಳತಾಗಿ ಲಡ್ಡಾಗಿದೆಯೇ ಎಂದು ಎಳೆದು ಪರೀಕ್ಷಿಸಿ.

ಗುರಿಯ ಹಾಳೆಯನ್ನು 50 ಯಾರ್ಡ್ ದೂರದಲ್ಲಿ ಇಟ್ಟು, ಬೆಂಚಿನ ಆಧಾರದಲ್ಲಿ ಒಂದು ಜೋಡಿಗೆ ಐದು ಈಡು ಹೊಡೆಯಿರಿ. ಗುಂಡುಗಳು ಒತ್ತಾಗಿ ಬಿದ್ದವೇ ಎಂಬುದಷ್ಟೇ ಈಗ ಮುಖ್ಯ. ನಡುವಿಗೆ ಬೀಳದಿದ್ದರೆ ಚಿಂತೆ ಬೇಡ, ಅದನ್ನು ಗುರಿ ಹಿಡಿಯುವ ಸೈಟ್ ಸರಿಮಾಡಿ ತಿದ್ದಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗುಂಡು, ಬಟ್ಟೆ, ಮದ್ದು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಎರಡು ಜೋಡಿ ಸಮನಾಗಿ ಬಂದರೆ ಸುಲಭವಾಗಿ ಇಳಿಯುವುದನ್ನೇ ಇಟ್ಟುಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ. ಸ್ಪರ್ಧೆಗೆ ಇಳಿದವರಿಗೆ ಮಾತ್ರ ಅತಿ ಬಿಗಿಯ ಜೋಡಿ ಬೇಕಾಗುತ್ತದೆ.

8. ಊರಿನ ಕೇಪಿನ ಕೋವಿಗೆ ಈ ಲೆಕ್ಕ ಹಾಕಬೇಡಿ

ಮಲೆನಾಡಿನ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಮೇಲೆ ಇರುವ ಒಂಟಿ ನಳಿಗೆಯ ಕೇಪಿನ ಕೋವಿಗಳು ಹೆಚ್ಚಾಗಿ ನಯ ನಳಿಗೆಯವು. ಒಳಗೆ ತೋಡು ಇಲ್ಲ. ಅಳತೆಯೂ ಇಂಚಿನಲ್ಲಿ ಇರದೆ ಬೋರ್ ಸಂಖ್ಯೆಯಲ್ಲಿ ಇರಬಹುದು. 12 ಬೋರ್ ಎಂದರೆ ಆ ನಳಿಗೆಗೆ ಸರಿಯಾಗುವ ಸೀಸದ ಗುಂಡು ಒಂದು ಪೌಂಡಿಗೆ 12 ಬರುತ್ತದೆ ಎಂದು. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಚಿಕ್ಕದು. 12 ಬೋರ್ ಸುಮಾರು 0.729 ಇಂಚು.

ಇಂಥ ನಳಿಗೆಯ ಗೋಡೆ ತೆಳು. ತುಕ್ಕು ಎಲ್ಲಿ ತಿಂದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಚರೆಗೆಂದು, ಅಂದರೆ ಸಣ್ಣ ಸೀಸದ ಕಾಳುಗಳಿಗೆಂದು, ಮಾಡಿದ ಕೋವಿಗೆ ಬಿಗಿಯಾದ ಒಂಟಿ ಗುಂಡು ಹಾಕಿ ಪರೀಕ್ಷೆ ಮಾಡಬೇಡಿ. ಭಾರತದಲ್ಲಿ 1959ರ ಆಯುಧ ಕಾಯ್ದೆಯಡಿ ಮಜಲ್‌ಲೋಡರ್‌ಗೂ ಲೈಸೆನ್ಸ್ ಬೇಕು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ಕೊಡಗಿನ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಹೂವಿಟ್ಟು ಪೂಜಿಸುವ ಹಿರಿಯರ ಕೋವಿಯನ್ನು ಹಾರಿಸುವ ಆಸೆ ಇದ್ದರೂ, ಪರವಾನಗಿ ಇರುವ ಗನ್‌ಸ್ಮಿತ್ ನಳಿಗೆ ನೋಡಿ ಸರಿ ಎನ್ನುವ ತನಕ ತುಂಬಬೇಡಿ. ಇನ್ನು ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ.

9. ಗುಂಡು ಎರಕ ಹೊಯ್ಯುವ ಅಚ್ಚು ಕೊಳ್ಳುವುದಾದರೆ

ಜೋಡಿ ಗೊತ್ತಾದ ಮೇಲೆ ಮಾತ್ರ ಅಚ್ಚು ಕೊಳ್ಳಿ. ಲೀ, ಲೈಮನ್ ಕಂಪನಿಗಳ ಅಚ್ಚುಗಳು ಸುಲಭವಾಗಿ ಸಿಗುತ್ತವೆ. ಅಚ್ಚಿನ ಮೇಲೆ 0.490 ಎಂದಿದ್ದರೂ ಬರುವ ಗುಂಡು ನಿಮ್ಮ ಸೀಸದ ಮೇಲೆ ನಿಂತಿದೆ. ಮೆತ್ತಗಿನ ಶುದ್ಧ ಸೀಸವೇ ಬೇಕು, ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು. ಕಾರಿನ ಚಕ್ರದ ತೂಕದ ತುಂಡುಗಳನ್ನು ಕರಗಿಸಿದರೆ ಅದರಲ್ಲಿ ಆಂಟಿಮನಿ ಬೆರೆತಿರುತ್ತದೆ. ಆ ಸೀಸ ಆರಿದಾಗ ಕಡಿಮೆ ಕುಗ್ಗುತ್ತದೆ, ಗುಂಡು ಒಂದಿಷ್ಟು ದಪ್ಪಗೆ ಬರುತ್ತದೆ, ಗಟ್ಟಿಯೂ ಆಗಿರುತ್ತದೆ. ನಿನ್ನೆವರೆಗೆ ಸಲೀಸಾಗಿ ಇಳಿಯುತ್ತಿದ್ದ ಜೋಡಿ ಇಂದು ಕಚ್ಚಿಕೊಂಡರೆ ಮೊದಲು ಸೀಸವನ್ನೇ ಅನುಮಾನಿಸಿ. ಪ್ರತಿ ಎರಕದಿಂದ ಹತ್ತು ಗುಂಡು ಅಳೆದು, ತೂಗಿ ನೋಡಿ. ತೂಕ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಒಳಗೆ ಗಾಳಿಗುಳ್ಳೆ ಇದೆ, ಮತ್ತೆ ಕರಗಿಸಿ.

ಎರಕದ ಕೆಲಸ ಅಡುಗೆಮನೆಯಲ್ಲಿ ಬೇಡ, ಗಾಳಿ ಆಡುವ ಕಡೆ ಮಾಡಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಆವಿಯಾಗಿ ಸಿಡಿದು ಮೈಮೇಲೆ ಹಾರುತ್ತದೆ. ಹಾಗಾಗಿ ಒದ್ದೆ ಸೀಸ, ಒದ್ದೆ ಸೌಟು ಎರಡೂ ಕೂಡದು. ಮಕ್ಕಳನ್ನು ಹತ್ತಿರ ಬಿಡಬೇಡಿ, ಸೀಸ ಅವರ ಮಿದುಳಿಗೆ ಹಾನಿ ಮಾಡುತ್ತದೆ. ಗುಂಡು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ತಿಂಡಿ ಮುಟ್ಟಿ, ಎರಕಕ್ಕೆ ಹಾಕಿಕೊಂಡ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಸೇರಿಸದೆ ಬೇರೆಯಾಗಿ ಒಗೆಯಿರಿ.